ದೂರದ ದಾರಿಗೆ ಯಾವ ಗಾಡಿ?

ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಬೀದರಿಗೆ ಬಂದಾಗ ಅವನ ಕೈಯಲ್ಲಿದ್ದ ದೊಡ್ಡ ಬಂಡವಾಳ ಒಂದು ಕುದುರೆ. ಅದನ್ನು ಹೊರ್ಮುಜ್‌ನಿಂದ ಹಡಗಿನಲ್ಲಿ ಕೊಂಕಣದ ಚೌಲ್ ಬಂದರಿಗೆ ತಂದು, ಘಟ್ಟ ಹತ್ತಿಸಿ, ಜುನ್ನರ್ ಮೂಲಕ ಬಹಮನಿ ಸುಲ್ತಾನರ ರಾಜಧಾನಿಗೆ ಕರೆತಂದಿದ್ದ. ಜುನ್ನರಿನ ಅಧಿಕಾರಿ ನಡುದಾರಿಯಲ್ಲಿ ಕುದುರೆಯನ್ನೇ ಕಿತ್ತುಕೊಂಡಿದ್ದ. ಪರಿಚಿತನೊಬ್ಬನ ಮಧ್ಯಸ್ಥಿಕೆಯಿಂದ ಅದು ಮರಳಿ ಸಿಕ್ಕಿತು. ಕೊನೆಗೆ ಬೀದರಿನಲ್ಲಿ ಅದನ್ನು ಮಾರಿದ ನಿಕಿತಿನ್, ಕುದುರೆ ಸಾಕಲು ತನಗೆ ಎಷ್ಟು ಖರ್ಚಾಯಿತು, ಈ ಸೀಮೆಯಲ್ಲಿ ಕುದುರೆಗೆ ಕಡಲೆ ತಿನ್ನಿಸುವ ಪದ್ಧತಿ ಹೇಗಿದೆ ಎಂಬುದನ್ನೆಲ್ಲ ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟಿದ್ದಾನೆ. ಎಷ್ಟು ವೇಗವಾಗಿ ಓಡಿತು ಎಂಬುದಕ್ಕಿಂತ, ಏನು ತಿಂದಿತು, ಏನು ಖರ್ಚು ಬಂತು ಎಂಬುದೇ ಅವನಿಗೆ ಮುಖ್ಯವಾಗಿತ್ತು.

ಐದೂವರೆ ಶತಮಾನದ ನಂತರ ಅದೇ ಬೀದರಿನ ಯುವಕ ಮೋಟಾರ್ ಸೈಕಲ್ ಷೋರೂಮಿನ ಮುಂದೆ ನಿಂತು ಕೇಳುವ ಪ್ರಶ್ನೆ ಬೇರೆಯದು: ‘ಎಷ್ಟು ಸಿ.ಸಿ., ಎಷ್ಟು ಪಿಕಪ್?’ ಊರೊಳಗೆ ಓಡಾಡುವವನಿಗೆ ಇಷ್ಟು ಸಾಕು. ಆದರೆ ದೂರದ ದಾರಿಗೆಂದು ಗಾಡಿ ಕೊಳ್ಳುವವನು ಕೇಳಬೇಕಾದದ್ದು ನಿಕಿತಿನ್‌ನ ಪ್ರಶ್ನೆಯನ್ನೇ. ದಾರಿಯಲ್ಲಿ ಏನು ತಿನ್ನುತ್ತದೆ? ಕಾಲು ಉಳುಕಿದರೆ ಯಾರು ನೋಡುತ್ತಾರೆ?

ಬೀದರಿನಲ್ಲಿ ‘ದೂರ’ ಎಂಬ ಮಾತಿಗೆ ಬೇರೆ ಊರುಗಳಲ್ಲಿ ಇಲ್ಲದ ಅರ್ಥವಿದೆ. ರಾಜ್ಯದ ತುತ್ತತುದಿಯ ಈ ಜಿಲ್ಲೆಯಿಂದ ರಾಜಧಾನಿ ಬೆಂಗಳೂರು ಸುಮಾರು 700 ಕಿ.ಮೀ.; ಪಕ್ಕದ ರಾಜ್ಯದ ರಾಜಧಾನಿ ಹೈದರಾಬಾದ್ ಸುಮಾರು 140 ಕಿ.ಮೀ. ಜನವಾಡ, ಸಂತಪುರ ದಾಟಿ ಔರಾದಿಗೆ ಹೋದರೆ ಮುಂದೆ ದೇಗಲೂರು, ನಾಂದೇಡ್. ಭಾಲ್ಕಿಯಿಂದ ಕಮಲನಗರದ ಮೇಲೆ ಹೋದರೆ ಉದಗೀರ್. ಬೆಳಿಗ್ಗೆ ಮನೆ ಬಿಟ್ಟವನು ಮಧ್ಯಾಹ್ನದ ಊಟಕ್ಕೆ ಇನ್ನೊಂದು ರಾಜ್ಯದಲ್ಲಿರುವುದು ಇಲ್ಲಿ ಸಾಮಾನ್ಯ ಸಂಗತಿ. ಪಂಢರಪುರ, ತುಳಜಾಪುರದ ಹರಕೆಗೆ ಹೋಗುವವರು ಗಾಡಿಯ ಮೇಲೆಯೇ ಹೊರಡುತ್ತಾರೆ. ನಾನಕ್ ಝೀರಾ ಗುರುದ್ವಾರಕ್ಕೂ ನಾಂದೇಡಿನ ಹಜೂರ್ ಸಾಹಿಬಿಗೂ ನಡುವೆ ಯಾತ್ರಿಕರ ಓಡಾಟ ಹಳೆಯದು. ಮೋಟಾರ್ ಸೈಕಲ್ ಪ್ರವಾಸವೆಂದರೆ ಲಡಾಖ್ ಎಂದೇ ಭಾವಿಸಿರುವ ಇಂದಿನ ಜಾಹೀರಾತುಗಳಿಗೆ ಈ ಓಡಾಟ ಕಾಣುವುದಿಲ್ಲ, ಅಷ್ಟೆ.

ಇನ್ನು ‘ನಂಬಿಕೆಯ ಗಾಡಿ’ ಎಂದರೇನು? ಇದಕ್ಕೆ ಎರಡು ಉತ್ತರಗಳಿವೆ. ಕೆಡದೇ ಇರುವ ಗಾಡಿ ನಂಬಿಕೆಯದು ಎಂಬುದು ಒಂದು. ಕೆಟ್ಟರೂ ಕೆಟ್ಟಲ್ಲಿಯೇ ಸರಿಯಾಗುವ ಗಾಡಿ ನಂಬಿಕೆಯದು ಎಂಬುದು ಇನ್ನೊಂದು. ಕಳೆದ ಅರವತ್ತೈದು ವರ್ಷಗಳ ಭಾರತದ ಮೋಟಾರ್ ಸೈಕಲ್ ಚರಿತ್ರೆ ಎರಡನೆಯ ಉತ್ತರದಿಂದ ಮೊದಲನೆಯದರ ಕಡೆಗೆ ನಡೆದುಬಂದ ಕಥೆ. ಆ ನಡಿಗೆಯಲ್ಲಿ ಗಳಿಸಿದ್ದೂ ಉಂಟು, ಕಳೆದುಕೊಂಡದ್ದೂ ಉಂಟು.

ಕರ್ನಾಟಕದಲ್ಲಿ ಮೋಟಾರ್ ಸೈಕಲಿನ ಮಾತು ಎತ್ತಿದ ಮೇಲೆ ಮೈಸೂರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬೀದರಿನಿಂದ ಎಂಟುನೂರು ಕಿ.ಮೀ.ಗೂ ಆಚೆ, ರಾಜ್ಯದ ಇನ್ನೊಂದು ತುದಿಯಲ್ಲಿ, 1960ರಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಯಿತು. ಜೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕು ಕೊಂಡಿದ್ದ. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ‘ಜಾವಾ’ ಆಯಿತು. ಅದರ ಲೈಸೆನ್ಸ್ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ತೆರೆದವರು ಪಾರ್ಸಿ ಉದ್ಯಮಿ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ. ಜಯಚಾಮರಾಜ ಒಡೆಯರ್ ಅವರ ಬೆಂಬಲವೂ ಈ ಸಾಹಸಕ್ಕೆ ಇತ್ತು. 1961ರಲ್ಲಿ ತಯಾರಿಕೆ ಆರಂಭವಾಯಿತು. 1973ರಿಂದ ಗಾಡಿಗಳ ಮೇಲೆ ‘ಯೆಜ್ಡಿ’ ಎಂಬ ಹೆಸರು ಬಂತು. ಇರಾನಿನ ಯಜ್ದ್ ನಗರದ ನಂಟು ಈ ಹೆಸರಿಗಿದೆ ಎನ್ನುತ್ತಾರೆ. ಇರಾನಿನ ಗೀಲಾನಿನಿಂದ ಬಂದ ಮಹಮೂದ್ ಗಾವಾನ್ ಕಟ್ಟಿಸಿದ ಮದರಸಾದ ಎದುರು ಒಂದು ಕಾಲಕ್ಕೆ ಯೆಜ್ಡಿ ಗಾಡಿಗಳು ಹೊಗೆ ಬಿಡುತ್ತಾ ಹಾದು ಹೋದದ್ದನ್ನು ನೆನೆದರೆ, ಇರಾನಿಗೂ ಬೀದರಿಗೂ ಇರುವ ಲೆಕ್ಕ ಇನ್ನೂ ಮುಗಿದಿರಲಿಲ್ಲ ಎನ್ನಬೇಕು.

ಜಾವಾ ಮತ್ತು ಯೆಜ್ಡಿಯ 250 ಸಿ.ಸಿ. ಎಂಜಿನ್ ಟೂ-ಸ್ಟ್ರೋಕ್ ಮಾದರಿಯದು. ಅದರಲ್ಲಿ ವಾಲ್ವ್‌ಗಳಿಲ್ಲ, ಅವುಗಳನ್ನು ಆಡಿಸುವ ಕ್ಯಾಮ್ ಇಲ್ಲ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಇಷ್ಟೇ ಮುಖ್ಯವಾಗಿ ಚಲಿಸುವ ಭಾಗಗಳು. ಚಲಿಸುವ ಭಾಗ ಕಡಿಮೆಯಾದಷ್ಟೂ ಕೆಡುವ ಭಾಗ ಕಡಿಮೆ. ಕೆಟ್ಟರೂ ಪಾನಾ, ಸ್ಕ್ರೂಡ್ರೈವರ್ ಹಿಡಿಯಬಲ್ಲ ಯಾವ ಮಿಸ್ತ್ರಿಯೂ ಮರದ ಕೆಳಗೆ ಗೋಣಿತಟ್ಟು ಹಾಸಿಕೊಂಡು ಬಿಚ್ಚಿ ಜೋಡಿಸಬಹುದಿತ್ತು. ಈ ಗಾಡಿಯಲ್ಲಿ ಇನ್ನೊಂದು ಜಾಣತನವಿತ್ತು. ಕಿಕ್ ಹೊಡೆಯುವ ಸನ್ನೆಯೇ ಮುಂದಕ್ಕೆ ಮಡಚಿದರೆ ಗೇರ್ ಹಾಕುವ ಸನ್ನೆಯಾಗುತ್ತಿತ್ತು. ಆ ಸನ್ನೆಯನ್ನು ಒತ್ತಿದಾಗ ಒಳಗಿನಿಂದಲೇ ಕ್ಲಚ್ ಬಿಡುವ ವ್ಯವಸ್ಥೆ ಇತ್ತು. ಅರ್ಥಾತ್, ಕ್ಲಚ್ ಕೇಬಲ್ ತುಂಡಾದರೂ ಗೇರ್ ಬದಲಿಸಿಕೊಂಡು ಊರು ಸೇರಬಹುದು. ದೂರದ ದಾರಿಯಲ್ಲಿ ಅತಿ ಹೆಚ್ಚು ಕೈಕೊಡುವ ವಸ್ತುಗಳಲ್ಲಿ ಒಂದು ಈ ಎರಡು ಮೊಳದ ತಂತಿ ಎಂಬುದನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಹಾಗೆಂದು ಜಾವಾವನ್ನು ಹೊಗಳಿ ಅಟ್ಟಕ್ಕೇರಿಸುವುದು ಸರಿಯಲ್ಲ. ಪೆಟ್ರೋಲಿನಲ್ಲಿ ಅಳತೆಗೆ ತಕ್ಕಷ್ಟು ಎಣ್ಣೆ ಬೆರೆಸಬೇಕಿತ್ತು. ಮರೆತರೆ ಪಿಸ್ಟನ್ ಸಿಲಿಂಡರಿನಲ್ಲೇ ಕಚ್ಚಿ ಕೂರುತ್ತಿತ್ತು. ಎಣ್ಣೆ ಹೆಚ್ಚಾದರೆ ಪ್ಲಗ್ ಮೇಲೆ ಮಸಿ. ಎರಡೂ ಸೈಲೆನ್ಸರುಗಳನ್ನು ಆಗಾಗ ಬಿಚ್ಚಿ ಸುಡಿಸಿ ಕಾರ್ಬನ್ ತೆಗೆಸಬೇಕಿತ್ತು. ರಾತ್ರಿ ಹೆಡ್‌ಲೈಟಿನ ಬೆಳಕು ಲಾಂದ್ರಕ್ಕಿಂತ ತುಸು ವಾಸಿ. ಹೊಗೆಯ ನಿಯಮಗಳು ಬಿಗಿಯಾಗುತ್ತ, ಮೈಲೇಜಿನ ಲೆಕ್ಕ ಜನರಿಗೆ ಮುಖ್ಯವಾಗುತ್ತ ಬಂದಂತೆ ಕಾರ್ಖಾನೆ ಸೊರಗಿ, 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮತ್ತೆ ರಸ್ತೆಗೆ ಬಂದವು. ಆದರೆ ಅವು ನೀರಿನಿಂದ ತಂಪಾಗುವ ಫೋರ್-ಸ್ಟ್ರೋಕ್ ಎಂಜಿನ್‌ನ ಬೇರೆಯೇ ಗಾಡಿಗಳು. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹಳೆಯ ಹೆಸರನ್ನು ನಂಬಿ ಹಳೆಯ ಗುಣವನ್ನು ನಿರೀಕ್ಷಿಸುವುದು ತಪ್ಪು. ಹಳೆಯ ದೋಷವನ್ನು ನಿರೀಕ್ಷಿಸುವುದೂ ತಪ್ಪೇ.

ಬುಲೆಟ್‌ನ ಕಥೆ ಇದಕ್ಕಿಂತ ಭಿನ್ನ. ಇಂಗ್ಲೆಂಡಿನ ರೆಡಿಚ್‌ನಲ್ಲಿ ಹುಟ್ಟಿದ ಈ ಗಾಡಿಯನ್ನು 1954ರಲ್ಲಿ ಭಾರತ ಸರ್ಕಾರ ಗಡಿ ಕಾವಲಿಗೆಂದು 800ರ ಸಂಖ್ಯೆಯಲ್ಲಿ ತರಿಸಿತು. ಮರುವರ್ಷ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಆರಂಭವಾಯಿತು. ತವರಿನ ಕಂಪನಿ ಮುಚ್ಚಿಹೋದರೂ ಮದರಾಸಿನ ತಿರುವೊಟ್ಟಿಯೂರಿನಲ್ಲಿ ಅದೇ ಗಾಡಿ ದಶಕಗಟ್ಟಲೆ ಹೆಚ್ಚು ಬದಲಾವಣೆಯಿಲ್ಲದೆ ತಯಾರಾಗುತ್ತಾ ಹೋಯಿತು. 1994ರಲ್ಲಿ ಅದು ಐಷರ್ ಸಮೂಹದ ಪಾಲಾಯಿತು. ಹಳೆಯ ಬುಲೆಟ್‌ನ 346 ಸಿ.ಸಿ. ಎಂಜಿನ್‌ನಲ್ಲಿ ಸಿಲಿಂಡರಿನ ವ್ಯಾಸ 70 ಮಿ.ಮೀ., ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 90 ಮಿ.ಮೀ. ಹೀಗಾಗಿ ವೇಗ ಕಡಿಮೆ, ಎಳೆತ ಹೆಚ್ಚು. ಗಾಡಿ ಓಡುವುದಕ್ಕಿಂತ ನಡೆಯುತ್ತದೆ ಎನ್ನುವುದೇ ಹೆಚ್ಚು ಸರಿ. ಹಿಂದೆ ಹೆಂಡತಿ, ಮುಂದೆ ಟ್ಯಾಂಕಿನ ಮೇಲೆ ಮಗು, ಪಕ್ಕದಲ್ಲಿ ಜೋಳದ ಚೀಲ ಇದ್ದರೂ ಅದರ ನಡಿಗೆ ಬದಲಾಗುತ್ತಿರಲಿಲ್ಲ.

ಅದನ್ನು ಶುರು ಮಾಡುವುದೇ ಒಂದು ವಿದ್ಯೆಯಾಗಿತ್ತು. ಡೀಕಂಪ್ರೆಸರ್ ಸನ್ನೆ ಒತ್ತಿ, ಅಮ್ಮೀಟರಿನ ಮುಳ್ಳು ನಡುವಿಗೆ ಬರುವುದನ್ನು ಕಾದು, ಆಮೇಲೆ ಮೈಭಾರವನ್ನೆಲ್ಲ ಹಾಕಿ ಕಿಕ್ ಹೊಡೆಯಬೇಕು. ತಪ್ಪಿದರೆ ಕಿಕ್ಕರ್ ತಿರುಗಿ ಮೊಣಕಾಲಿಗೆ ಬಡಿಯುತ್ತಿತ್ತು. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಬೇರೆ ಗಾಡಿ ಓಡಿಸಿ ಬಂದವನು ಎಮ್ಮೆ ಅಡ್ಡ ಬಂದಾಗ ಬ್ರೇಕೆಂದು ಗೇರ್ ತುಳಿದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಎಣ್ಣೆ ಸೋರುವುದಂತೂ ಅದರ ಹುಟ್ಟುಗುಣ. ಇಷ್ಟಾದರೂ ಬುಲೆಟ್ ದೂರದ ದಾರಿಯ ಗಾಡಿ ಎನ್ನಿಸಿಕೊಂಡದ್ದು ಏಕೆ? ಸೈನ್ಯ, ಪೊಲೀಸು ಇಲಾಖೆಗಳು ಬಳಸಿದ್ದರಿಂದ ಅದರ ಬಿಡಿಭಾಗ ಮತ್ತು ಅದನ್ನು ಬಲ್ಲ ಮಿಸ್ತ್ರಿ ದೇಶದ ಮೂಲೆಮೂಲೆಗಳಲ್ಲಿ ದೊರೆಯುತ್ತಿದ್ದುದೇ ಕಾರಣ. ಗಾಡಿಯ ಹೆಸರು ಗಟ್ಟಿಯಾದದ್ದು ಅದರ ಉಕ್ಕಿನಿಂದಷ್ಟೇ ಅಲ್ಲ, ರಸ್ತೆ ಬದಿಯ ಅಂಗಡಿಗಳಿಂದ.

ರಾಜದೂತ್ 175 ಹಳ್ಳಿಗಳಲ್ಲಿ ಹಾಲಿನ ಕ್ಯಾನು ಹೊತ್ತು ಹೆಸರು ಮಾಡಿತು. ದೂರ ಪ್ರವಾಸಕ್ಕೆ ಅದನ್ನು ಬಳಸಿದವರು ವಿರಳ.

ಎಲ್ಲವನ್ನೂ ತಲೆಕೆಳಗು ಮಾಡಿದ್ದು 1985ರಲ್ಲಿ ಬಂದ ಹೀರೊ ಹೋಂಡಾ ಸಿ.ಡಿ. 100. ಕೇವಲ 97 ಸಿ.ಸಿ.ಯ ಫೋರ್-ಸ್ಟ್ರೋಕ್ ಗಾಡಿ. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬುದು ಅದರ ಜಾಹೀರಾತಿನ ಸಾರಾಂಶ. ಬುಲೆಟ್ ಮತ್ತು ಯೆಜ್ಡಿ ಸವಾರರು ಇದನ್ನು ‘ಸೈಕಲ್’ ಎಂದು ನಕ್ಕರು. ಆದರೆ ಮರೆತುಬಿಡುವುದು ಸಾಧ್ಯ ಎಂಬುದೇ ಅಂದಿನ ಸವಾರನಿಗೆ ಹೊಸ ಅನುಭವ. ಎಣ್ಣೆ ಬೆರೆಸುವ ಗೋಜಿಲ್ಲ, ಪ್ಲಗ್ ಒರೆಸುವ ಕೆಲಸವಿಲ್ಲ. ಗಾಡಿಯ ಜತೆ ಮಿಸ್ತ್ರಿಯ ವಿದ್ಯೆಯನ್ನೂ ಕಲಿಯಬೇಕೆಂಬ ಕಟ್ಟಳೆ ಅಲ್ಲಿಗೆ ಮುರಿಯಿತು. 1994ರಲ್ಲಿ ಬಂದ ಸ್ಪ್ಲೆಂಡರ್ ಈ ದಾರಿಯನ್ನು ಹೆದ್ದಾರಿ ಮಾಡಿತು. ಇಂದು ಭಾಲ್ಕಿ, ಔರಾದ್ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಕಟ್ಟೆಯ ಮುಂದೆ ನಿಂತಿರುವ ಗಾಡಿಗಳನ್ನು ಎಣಿಸಿದರೆ ಉತ್ತರ ಸಿಗುತ್ತದೆ. ಇವುಗಳಿಗೂ ‘ಫಟಫಟಿ’ ಎಂಬ ಹಳೆಯ ಹೆಸರೇ ಉಳಿದಿದೆ. ಫಟಫಟ ಸದ್ದು ಮಾತ್ರ ಹೋಗಿದೆ.

ಸ್ಪ್ಲೆಂಡರ್ ಟ್ಯಾಂಕಿನಲ್ಲಿ 9.8 ಲೀಟರ್ ಪೆಟ್ರೋಲ್ ಹಿಡಿಯುತ್ತದೆ. ಲೀಟರಿಗೆ 60 ಕಿ.ಮೀ. ಎಂದು ಹಿಡಿದರೂ ಹೈದರಾಬಾದಿಗೆ ಎರಡು ಬಾರಿ ಹೋಗಿ ಬರಬಹುದು. ತೂಕ ಸುಮಾರು 112 ಕಿಲೊ. ಕೆಸರಿನಲ್ಲಿ ಬಿದ್ದರೆ ಒಬ್ಬನೇ ಎತ್ತಿ ನಿಲ್ಲಿಸಬಹುದು. ಇಂದಿನ ಕ್ಲಾಸಿಕ್ 350 ಗಾಡಿಯ ತೂಕ 195 ಕಿಲೊ. ನುಣುಪಾದ ಹೆದ್ದಾರಿಯಲ್ಲಿ ಆ ತೂಕ ನೆಮ್ಮದಿ ಕೊಡುತ್ತದೆ, ಎದುರಿನಿಂದ ಲಾರಿ ಬಂದಾಗ ಗಾಳಿಗೆ ಗಾಡಿ ಅಲುಗಾಡುವುದಿಲ್ಲ. ಹಳ್ಳದ ದಂಡೆಯಲ್ಲಿ ಅದೇ ತೂಕ ಶತ್ರು. ದೊಡ್ಡ ಪ್ರವಾಸಕ್ಕೆ ದೊಡ್ಡ ಎಂಜಿನ್ ಬೇಕೇ ಬೇಕೆಂಬುದು ಷೋರೂಮಿನವರು ಬೆಳೆಸಿದ ನಂಬಿಕೆ. ವಿಶಾಖಪಟ್ಟಣದ ಭಾರದ್ವಾಜ ದಯಾಲ 2006ರಲ್ಲಿ ವಿಶ್ವ ಪರ್ಯಟನೆಗೆ ಹೊರಟದ್ದು 223 ಸಿ.ಸಿ.ಯ ಕರಿಜ್ಮಾ ಗಾಡಿಯಲ್ಲಿ.

ಗಾಡಿಯ ಆಯ್ಕೆಯಲ್ಲಿ ಜನ ಸಾಮಾನ್ಯವಾಗಿ ಮರೆಯುವುದು ನೆಲವನ್ನು. ಬೀದರ್ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಮಳೆ ಬಂದರೂ ನೀರು ಬೇಗ ಇಂಗಿ, ದಾರಿ ಗಟ್ಟಿಯಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಕೆಂಪು ದೂಳು ಏಳುತ್ತದೆ. ಉತ್ತರಕ್ಕೆ ಇಳಿದು ಮಾಂಜ್ರಾ ಸೇತುವೆ ದಾಟಿದರೆ ನೋಟವೇ ಬದಲು. ಔರಾದ್, ಭಾಲ್ಕಿ ಕಡೆಯ ಎರೆ ಭೂಮಿ ತೊಗರಿ, ಉದ್ದು, ಸೋಯಾ ಬೆಳೆಗೆ ಚಿನ್ನದಂಥದ್ದು, ಗಾಡಿಗೆ ಅಲ್ಲ. ಡಾಂಬರು ಬಿಟ್ಟು ಹೊಲದ ದಾರಿ ಹಿಡಿದ ಸವಾರನಿಗೆ ಒಂದು ಮಳೆ ಸಾಕು. ಕರಿ ಮಣ್ಣು ಚಕ್ರಕ್ಕೆ ಮೆತ್ತಿ, ಮಡ್‌ಗಾರ್ಡಿನ ಸಂದಿಯಲ್ಲಿ ಗಟ್ಟಿಯಾಗಿ, ಚಕ್ರ ತಿರುಗದೆ ನಿಲ್ಲುತ್ತದೆ. ಎಂಜಿನ್ ಎಷ್ಟೇ ಬಲಶಾಲಿಯಾಗಿದ್ದರೂ ಕಡ್ಡಿ ಹಿಡಿದು ಮಣ್ಣು ಕೆರೆಯುವುದು ತಪ್ಪಿದ್ದಲ್ಲ. ಆದ್ದರಿಂದ ಈ ಭಾಗದ ಸವಾರ ಗಾಡಿ ನೋಡುವಾಗ ಮೊದಲು ಬಗ್ಗಿ ನೋಡಬೇಕಾದದ್ದು ಚಕ್ರಕ್ಕೂ ಮಡ್‌ಗಾರ್ಡಿಗೂ ಇರುವ ಅಂತರ, ಎಂಜಿನ್‌ಗೂ ನೆಲಕ್ಕೂ ಇರುವ ಅಂತರ. ಕೆಂಪು ದೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಅದನ್ನು ಸವಾರನೇ ಬಿಚ್ಚಿ ಜಾಡಿಸುವಂತಿದೆಯೇ, ಅಥವಾ ಅರ್ಧ ಗಾಡಿ ಕಳಚಬೇಕೇ ಎಂಬುದನ್ನೂ ವಿಚಾರಿಸುವುದು ಒಳ್ಳೆಯದು. ಟೈರಿನ ಮಾತೂ ಇದೇ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ರಬ್ಬರ್ ಬತ್ತಿ ತುರುಕಿ ಹತ್ತು ನಿಮಿಷದಲ್ಲಿ ಹೊರಡಬಹುದು. ಟ್ಯೂಬ್ ಇರುವ ಕಡ್ಡಿ ಚಕ್ರಕ್ಕೆ ಚಕ್ರವನ್ನೇ ಬಿಚ್ಚಬೇಕು. ಆದರೆ ಗುಂಡಿಗೆ ಬಡಿದು ಬಾಗಿದರೆ ಕಡ್ಡಿ ಚಕ್ರವನ್ನು ತಾಲ್ಲೂಕು ಕೇಂದ್ರದಲ್ಲೂ ಸರಿಪಡಿಸಬಲ್ಲರು. ಅಲಾಯ್ ಚಕ್ರ ಸೀಳಿದರೆ ಹೊಸದೇ ಗತಿ.

ಕಳೆದುಕೊಂಡದ್ದೂ ಉಂಟು ಎಂಬ ಮಾತು ಈಗ. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಹೊಸ ಮೋಟಾರ್ ಸೈಕಲ್‌ಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಈಗ ಪೆಟ್ರೋಲನ್ನು ಅಳೆದು ಕೊಡುವುದು ಒಂದು ಪುಟ್ಟ ಕಂಪ್ಯೂಟರ್. ಹೊಗೆ ಕಡಿಮೆಯಾಯಿತು, ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯುವ ಕಷ್ಟ ತಪ್ಪಿತು, ಗಾಡಿ ಕೆಡುವುದೂ ನಿಜವಾಗಿ ಕಡಿಮೆಯಾಯಿತು. ಇದನ್ನು ಒಪ್ಪದೆ ಹಳೆಯ ಗಾಡಿಯೇ ಶ್ರೇಷ್ಠ ಎನ್ನುವವರು ಹಳೆಯ ಕಾಲದ ತಳ್ಳಾಟವನ್ನು ಮರೆತಿದ್ದಾರೆ. ಆದರೆ ಕೆಟ್ಟಾಗ ಏನು? ಕಾರ್ಬುರೇಟರಿನಲ್ಲಿ ಕಸ ಸಿಕ್ಕಿಕೊಂಡರೆ ಜೆಟ್ ಬಿಚ್ಚಿ ಬಾಯಿಂದ ಊದಿ ಸರಿಮಾಡಬಹುದಿತ್ತು. ಸೆನ್ಸರ್ ಕೆಟ್ಟರೆ ಊದಿ ಪ್ರಯೋಜನವಿಲ್ಲ. ಯಾವುದು ಕೆಟ್ಟಿದೆ ಎಂದು ತಿಳಿಯುವುದಕ್ಕೇ ಕಂಪನಿಯ ಯಂತ್ರ ಬೇಕು. ಬ್ಯಾಟರಿ ಪೂರ್ತಿ ಸತ್ತರೆ ಪೆಟ್ರೋಲ್ ಪಂಪೇ ಕೆಲಸ ಮಾಡುವುದಿಲ್ಲ. ನಾಲ್ಕು ಜನ ಸೇರಿ ತಳ್ಳಿದರೂ ಗಾಡಿ ಎದ್ದೇಳುವುದು ಅನುಮಾನ. ಸಂಜೆ ಹೊತ್ತು ಔರಾದ್ ದಾಟಿ ಗಡಿಯ ಕಡೆ ಹೊರಟವನಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಹಿಂದಿನ ಸೀಟಿನಲ್ಲಿ ಮನೆಯವರಿದ್ದರಂತೂ ಇನ್ನೂ ದೊಡ್ಡದು.

ಇದರಿಂದ ಪೆಟ್ಟು ತಿಂದವರಲ್ಲಿ ರಸ್ತೆ ಬದಿಯ ಮಿಸ್ತ್ರಿಯೂ ಒಬ್ಬ. ಕಿವಿಯಿಂದ ಕೇಳಿ, ಮೂಗಿನಿಂದ ಮೂಸಿ ರೋಗ ಹೇಳುತ್ತಿದ್ದವನ ವಿದ್ಯೆಗೆ ಗಾಡಿ ಬಾಗಿಲು ಮುಚ್ಚಿದೆ. ಚೈನು, ಬ್ರೇಕು, ಕೇಬಲ್ಲು, ಆಯಿಲು ಇಷ್ಟು ಮಾತ್ರ ಅವನ ಪಾಲಿಗೆ ಉಳಿದಿವೆ.

ಇನ್ನೊಂದು ಬದಲಾವಣೆ ಟ್ಯಾಂಕಿನೊಳಗೇ ಆಗಿದೆ. ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ 2025ರಲ್ಲಿ ದೇಶದಾದ್ಯಂತ ಶೇ 20ಕ್ಕೆ ಮುಟ್ಟಿತು. ಎಥನಾಲ್‌ನ ಒಂದು ಮುಖ್ಯ ಮೂಲ ಕಬ್ಬು. ಬೀದರ್ ಕಬ್ಬು ಬೆಳೆಯುವ, ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆ. ರೈತನಾಗಿ ಇದನ್ನು ಸ್ವಾಗತಿಸುವವನು ಹಳೆಯ ಬುಲೆಟ್ ಸವಾರನಾಗಿ ಸ್ವಲ್ಪ ಯೋಚಿಸಬೇಕು. ಎಥನಾಲ್‌ಗೆ ಪೆಟ್ರೋಲಿಗಿಂತ ಶಕ್ತಿ ಕಡಿಮೆ. ಆದ್ದರಿಂದ ಮೈಲೇಜು ತುಸು ಇಳಿಯುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪು ಮತ್ತು ವಾಷರ್‌ಗಳನ್ನು ಸವೆಸುತ್ತದೆ. ಹಳೆಯ ಗಾಡಿಯಲ್ಲಿ ದೂರ ಹೊರಡುವವರು ಈ ಪೈಪುಗಳನ್ನು ಬದಲಿಸಿಕೊಂಡು, ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ಪೆಟ್ರೋಲ್ ತೆಗೆಸಿ ಹೊರಡುವುದು ಕ್ಷೇಮ. ನಿಕಿತಿನ್‌ನ ಕುದುರೆಗೆ ಕಡಲೆಯಾದರೆ, ಇಂದಿನ ಗಾಡಿಗೆ ಕಬ್ಬು.

ಹಾಗಾದರೆ ಯಾವ ಗಾಡಿ? ವರ್ಷಕ್ಕೊಮ್ಮೆ ಪಂಢರಪುರ, ತಿಂಗಳಿಗೊಮ್ಮೆ ಹೈದರಾಬಾದ್, ಉಳಿದಂತೆ ಹೊಲ ಮನೆ ಎನ್ನುವವನಿಗೆ 100ರಿಂದ 125 ಸಿ.ಸಿ.ಯ ಗಾಡಿಯೇ ಸಾಕು. ಗಂಟೆಗೆ 55-60 ಕಿ.ಮೀ. ಮೀರದೆ, ಎರಡು ಗಂಟೆಗೊಮ್ಮೆ ಚಹಾಕ್ಕೆ ನಿಂತು ಹೊರಟರೆ ಅದು ಎಲ್ಲಿಗೂ ಒಯ್ಯುತ್ತದೆ. ಬೆಂಗಳೂರಿಗೋ ಗೋವಾಕ್ಕೋ ಇಬ್ಬರು ಕೂತು, ಸಾಮಾನು ಕಟ್ಟಿಕೊಂಡು ಹೋಗುವವರಿಗೆ 350 ಸಿ.ಸಿ. ಆಸುಪಾಸಿನ ಗಾಡಿ ಬೆನ್ನಿಗೆ ಹಿತ. ಹಾಳು ರಸ್ತೆಗಳನ್ನು ಹುಡುಕಿಕೊಂಡೇ ಹೋಗುವವರಿಗೆ ಹಿಮಾಲಯನ್, ಎಕ್ಸ್‌ಪಲ್ಸ್ ಬಗೆಯ ಎತ್ತರದ ಗಾಡಿಗಳಿವೆ. ಕಾಲು ನೆಲಕ್ಕೆ ಎಟಕುತ್ತದೆಯೇ ಎಂದು ಮೊದಲು ಕೂತು ನೋಡಬೇಕು. 125 ಸಿ.ಸಿ. ಮೀರಿದ ಗಾಡಿಗಳಿಗೆ 2019ರಿಂದ ಎ.ಬಿ.ಎಸ್. ಬ್ರೇಕ್ ಕಡ್ಡಾಯವಾಗಿದೆ. ಮಳೆಯ ಡಾಂಬರಿನ ಮೇಲೆ ಚಕ್ರ ಜಾರದಂತೆ ತಡೆಯುವ ಈ ವ್ಯವಸ್ಥೆ ಹಳೆಯ ಯಾವ ಗಾಡಿಯಲ್ಲೂ ಇರಲಿಲ್ಲ. ಹಳೆಯದರ ಮೋಹದಲ್ಲಿ ಲಕ್ಷ ಸುರಿಯುವ ಮುನ್ನ ಇದನ್ನು ತೂಗಿ ನೋಡುವುದು ಒಳಿತು.

ಇಷ್ಟೆಲ್ಲದರ ಮೇಲೆ ಒಂದು ಲೆಕ್ಕವಿದೆ, ಅದು ಯಾವ ಕಂಪನಿಯ ಕರಪತ್ರದಲ್ಲೂ ಇರುವುದಿಲ್ಲ. ಕೊಳ್ಳುವ ಗಾಡಿಯ ಸೇವಾ ಕೇಂದ್ರ ಮನೆಯಿಂದ ಎಷ್ಟು ದೂರ? ಬೀದರಿನಲ್ಲಿ ಇದ್ದರೆ ಸರಿ. ಕಲಬುರಗಿಗೋ ಹೈದರಾಬಾದಿಗೋ ಹೋಗಬೇಕಾದರೆ ಪ್ರತಿ ಸರ್ವಿಸ್‌ಗೆ ಒಂದು ದಿನ, ಒಂದು ಟ್ಯಾಂಕು ಪೆಟ್ರೋಲು. ಔರಾದಿನವನಿಗೆ ಇನ್ನೂ 40 ಕಿ.ಮೀ. ಹೆಚ್ಚು. ನಡುವೆ ಕೆಟ್ಟರೆ ಟೆಂಪೊ ಬಾಡಿಗೆ. ಸಾಲದ ಕಂತಿನ ಜತೆ ಇದನ್ನೂ ಕೂಡಿಸಿದಾಗ ಗಾಡಿಯ ನಿಜವಾದ ಬೆಲೆ ತಿಳಿಯುತ್ತದೆ. ಮುಂಗಡ ಕೊಡುವ ಮೊದಲು ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಚೈನ್ ಸೆಟ್ ಈ ಮೂರು ವಸ್ತುಗಳು ತಮ್ಮ ಊರಿನ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತವೆಯೇ ಎಂದು ಕೇಳಿ ಬಂದರೆ ಅರ್ಧ ಆಯ್ಕೆ ಅಲ್ಲಿಗೇ ಮುಗಿಯುತ್ತದೆ.

ದೂರ ಹೊರಡುವ ಹಳೆಯ ಸವಾರರು ಸೀಟಿನ ಕೆಳಗೆ ಒಂದು ಚರ್ಮದ ಚೀಲ ಇಟ್ಟುಕೊಳ್ಳುತ್ತಿದ್ದರು. ಅದರಲ್ಲಿ ಪ್ಲಗ್, ಚೈನಿನ ಲಾಕ್, ಬಲ್ಬು, ಒಂದಿಷ್ಟು ತಂತಿ. ಇಂದು ಅದಕ್ಕೆ ಫ್ಯೂಸು, ಟೈರಿನ ರಬ್ಬರ್ ಬತ್ತಿ, ಗಾಳಿ ಹೊಡೆಯುವ ಪುಟ್ಟ ಪಂಪು ಸೇರಬೇಕು. ಕ್ಲಚ್ ಕೇಬಲ್ ಮಾತ್ರ ಅವರು ಚೀಲದಲ್ಲಿ ಇಡುತ್ತಿರಲಿಲ್ಲ. ಹೊಸ ಕೇಬಲ್ಲನ್ನು ಹಳೆಯದರ ಪಕ್ಕದಲ್ಲೇ ಹ್ಯಾಂಡಲಿನಿಂದ ಎಂಜಿನ್‌ವರೆಗೆ ಎಳೆದು, ಟೇಪು ಸುತ್ತಿ ಬಿಡುತ್ತಿದ್ದರು. ಹಳೆಯದು ತುಂಡಾದಾಗ ಎರಡು ತುದಿ ಸಿಕ್ಕಿಸಿದರೆ ಆಯಿತು, ಕತ್ತಲಲ್ಲಿಯೂ ಆಗುವ ಕೆಲಸ. ಕೇಬಲ್‌ನಿಂದ ನಡೆಯುವ ಕ್ಲಚ್ ಇರುವ ಯಾವ ಗಾಡಿಗೂ, ಹೊಸದಕ್ಕೂ, ಇದು ಇಂದಿಗೂ ಸಲ್ಲುತ್ತದೆ.